ಎರಿ ಹೊಲಕ್ಕ ಥಾರ್ ಇಳಿಸೂದು: ಫೋರ್ ಹೈ ಹಾಕಬೇಕೋ, ಫೋರ್ ಲೋ?

ಡೋಣಿ_ದಂಡಿ:
ನಮಸ್ಕಾರ್ರಿ ಎಲ್ಲಾರಿಗೂ. ಹೊಲ ವಿಜಯಪುರ ಜಿಲ್ಲಾದಾಗ, ಡೋಣಿ ಹೊಳಿ ದಂಡಿಗೆ, ಪೂರಾ ಎರಿ (ಕರಿ ಮಣ್ಣು). ಡಾಂಬರ್ ಬಿಟ್ಟ ಮ್ಯಾಲ ಒಂದೂವರಿ ಕಿಲೋಮೀಟರ್ ಬಂಡಿ ದಾರಿ, ನಡಕ ಒಂದು ಸಣ್ಣ ಹಳ್ಳ. ಗಾಡಿ ಮಹೀಂದ್ರಾದ ಡೀಸೆಲ್ ಥಾರ್, ಮ್ಯಾನ್ಯುಯಲ್ ಗೇರ್, ಕಂಪನಿ ಟಾಯರ್. ಹಿಂಗಾರಿ ಬಿತ್ತಗಿಗೆ ಬೀಜ, ಗೊಬ್ಬರ ಹೇರ್ಕೊಂಡು ಹೋಗಬೇಕು. ಯಾವ ಗೇರ್, ನಾಕೂ ಗಾಲಿ ಮಾಮೂಲಿ ವೇಗದಾಗ ತಿರುಗಸೋ ಫೋರ್ ಹೈನೋ, ನಿಧಾನ ಆದ್ರ ಭಾಳ ಬಲ ಕೊಡೋ ಫೋರ್ ಲೋನೋ? ಟಾಯರಿಗೆ ಗಾಳಿ ಎಷ್ಟು? ಸಿಕ್ಕಿಬಿದ್ರ ಟ್ರ್ಯಾಕ್ಟರಿಗೆ ಹೆಂಗ ಕಟ್ಟಬೇಕು?

ಹಿಂಗಾರಿ_ಜ್ವಾಳ:
ಗೇರಿನ ವಿಚಾರ ಆಮ್ಯಾಲ. ಮೊದಲ ದಾರಿ ನಡದು ನೋಡ್ರಿ. ನಾಕ ಹೆಜ್ಜಿಗೆ ಚಪ್ಪಲಿ ಕೆಳಗ ಮಣ್ಣು ದಪ್ಪಗ ಮೆತ್ತಿದ್ರ ಅವತ್ತು ಗಾಡಿ ಡಾಂಬರ್ ಮ್ಯಾಲನ ಇರ್ಲಿ. ಎರಿ ನೀರು ಕುಡದು ಉಬ್ಬತದ, ಟಾಯರಿನ ಗೀರಿನ್ಯಾಗ ತುಂಬಿ ಅದನ್ನ ನುಣ್ಣಗ ಮಾಡಿಬಿಡತದ. ಆಮ್ಯಾಲ ನಾಕೂ ಗಾಲಿ ತಿರುಗಿದ್ರೂ ಹಿಡತ ಇಲ್ಲ.

ಮ್ಯಾಲ ಒಣಗಿ ತಳದಾಗ ಹಸಿ ಇದ್ರ: ಡಾಂಬರ್ ಬಿಡೂಕಿಂತ ಮೊದಲ ಗಾಡಿ ನಿಲ್ಲಿಸಿ, ಕ್ಲಚ್ ಪೂರಾ ಒತ್ತಿ ಫೋರ್ ಲೋ ಹಾಕ್ರಿ. ಎರಡನೇ ಗೇರ್, ಆಕ್ಸಿಲರೇಟರ್ ಒಂದ ಸಮ. ರಾಡಿ ನಡಕ ಗೇರ್ ಬದಲಿ ಮಾಡಬ್ಯಾಡ್ರಿ. ಗಾಡಿ ಮುಂದ ಸರೀದ ಗಾಲಿ ಅಷ್ಟ ತಿರುಗಾಕತ್ರ ಕಾಲು ತಗೀರಿ. ರೇಸ್ ಮಾಡಿದಷ್ಟೂ ಗುಂಡಿ ಆಳ ಆಗಿ ಹಿಂದಿನ ಹೌಸಿಂಗ್ (ಆಕ್ಸಲ್ ನಡುವಿನ ಗುಂಡನ್ನ ಡಬ್ಬಿ) ಮಣ್ಣಾಗ ಕೂಡತದ. ಥಾರಿನ ನೆಲದ ಎತ್ತರ 226 ಮಿ.ಮೀ., ಟ್ರ್ಯಾಕ್ಟರ್ ಕೊರದ ಗಾಲಿದಾರಿ ಎಷ್ಟೋ ಕಡೆ ಅದಕ್ಕಿಂತ ಆಳ. ಅಂಥಲ್ಲೆ ಒಂದು ಗಾಲಿ ನಡುವಿನ ದಿಬ್ಬದ ಮ್ಯಾಲ, ಇನ್ನೊಂದು ದಂಡಿ ಮ್ಯಾಲ ಇರ್ಲಿ.

ಗಾಳಿ 20-22 ಪಿಎಸ್ಐ ಸಾಕು. ಲೋಡ್ ಇರೂದ್ರಿಂದ ಅದಕ್ಕಿಂತ ಇಳಸಬ್ಯಾಡ್ರಿ. ಆ ಗಾಳಿಯಾಗ ಜೋರ್ ಹೊಡೀಬಾರದು, ಸ್ಟೇರಿಂಗ್ ಒಮ್ಮೆಲೆ ತಿರುವಬಾರದು. ಡಾಂಬರ್ ಹತ್ತಿದ ಕೂಡಲೆ ಟೂ ಹೈಗೆ (ಹಿಂದಿನ ಎರಡು ಗಾಲಿಗೆ ಅಷ್ಟ ಬಲ) ಬರ್ರಿ, ಗಾಳಿ ತುಂಬ್ರಿ. ಮುಂದಿನ, ಹಿಂದಿನ ಗಾಲಿ ಬ್ಯಾರೆ ಬ್ಯಾರೆ ವೇಗದಾಗ ತಿರುಗಾಕ ಬಿಡೋ ನಡುವ ಡಿಫರೆನ್ಷಿಯಲ್ ಈ ಗಾಡಿಗೆ ಇಲ್ಲ, ಒಣ ಡಾಂಬರಿನ ತಿರುವಿನ್ಯಾಗ ಫೋರ್ ಬೈ ಫೋರ್ ಇದ್ರ ಟ್ರಾನ್ಸ್‌ಫರ್ ಕೇಸಿಗೆ (ಮುಂದ ಹಿಂದ ಬಲ ಹಂಚೋ ಡಬ್ಬಿ) ಪೆಟ್ಟು.

ಘಟಪ್ರಭಾ_ಗೇರ್:
ಗಾಳಿ ಎಲ್ಲಾ ಕಡೆ ಇಳಸೂದು ನಾ ಒಪ್ಪೂದಿಲ್ರಿ. ಮ್ಯಾಲ ನಾಕ ಬೊಟ್ಟು ರಾಡಿ, ತಳದಾಗ ಗಟ್ಟಿ ಗರಸು ಇದ್ರ ಪೂರಾ ಗಾಳಿ ಇರೋ ಟಾಯರ್ ರಾಡಿ ಸೀಳಿ ಗರಸಿಗೆ ಮುಟ್ಟತೈತಿ. ತಳಾನ ಇಲ್ಲದ ಎರಿಗೆ ಮಾತ್ರ ಇಳಸ್ರಿ. ಇನ್ನೊಂದು, ತೊಗರಿ ಕೊಯ್ದ ಹೊಲದಾಗ ಗಾಳಿ ಕಡಿಮಿ ಇದ್ರ ಟಾಯರ್ ಬದಿ ಉಬ್ಬಿ ಕೂಳಿ ಚುಚ್ಚತೈತಿ. ಬದಿ ಹರದ ಟಾಯರಿಗೆ ಪಂಚರ್ ಹಾಕಾಕ ಬರೂದಿಲ್ಲ.

ಹಳ್ಳದ್ದು: ಕಂಪನಿ 650 ಮಿ.ಮೀ. ನೀರಾಗ ಹೋಗತೈತಿ ಅಂತೈತಿ. ಅದು ನಿಂತ ನೀರಿನ ಲೆಕ್ಕ. ಕೋಲು ಹಿಡದು ತಳ ನೋಡದ ಇಳೀಬ್ಯಾಡ್ರಿ, ಮಣಕಾಲ ಮಟ ಹರಿಯೋ ನೀರಿದ್ರ ವಾಪಸ್ ಹೋಗ್ರಿ. ಹಳ್ಳ ಹತ್ತೂ ಮುಂದ ಎಂಜಿನ್ ಬಂದಾದ್ರ ಗಾಡಿ ಅಡ್ಡ ತಿರುವಬ್ಯಾಡ್ರಿ, ಉರುಳತೈತಿ. ಬ್ರೇಕ್ ಹಿಡದು, ರಿವರ್ಸ್ ಹಾಕಿ, ಚಾಲೂ ಮಾಡಿ, ಕ್ಲಚ್ ಬಿಟ್ಟು ಬಂದ ಗೆರಿಯಾಗ ನೆಟ್ಟಗ ಹಿಂದ ಇಳೀರಿ. ನ್ಯೂಟ್ರಲ್‌ನ್ಯಾಗ ಎಂದೂ ಇಳೀಬಾರದು. ದಾಟಿದ ಮ್ಯಾಲ ಬ್ರೇಕ್ ನಾಕ ಸಲ ಹಗೂರಕ ಒತ್ತಿ ಒಣಗಸ್ರಿ.

ಡೋಣಿ_ದಂಡಿ:
ಛಲೋ ಆತ್ರಿ. ಟ್ರ್ಯಾಕ್ಟರಿನ ವಿಚಾರ ಯಾರರ ಹೇಳ್ರಿ. ನಮ್ಮ ಕಡೆ ಸರಪಳಿ ತಂದು ಬಂಪರಿಗೆ ಬಿಗೀತಾರ.

ಹಿಂಗಾರಿ_ಜ್ವಾಳ:
ಬಂಪರ್ ಕಿತ್ತು ಬರತದ್ರಿ! ಮ್ಯಾನ್ಯುಯಲ್ ಪುಸ್ತಕದಾಗ ತೋರಿಸಿದ ಟೋ ಹುಕ್ಕಿಗೇ ಕಟ್ಟ್ರಿ. ಆಕ್ಸಲ್, ಸ್ಟೇರಿಂಗ್ ರಾಡ್, ಟ್ರಾಲಿ ಎಳಿಯೋ ಗುಂಡು, ಇವು ಯಾವೂ ಬ್ಯಾಡ. ಸರಪಳಿ ಬಿಟ್ಟು ಟೋ ಪಟ್ಟಾ (ಗಾಡಿ ಎಳಿಯೋ ಪಟ್ಟಿ), 4.75 ಟನ್ನಿನ ಶಾಕಲ್ (ಪಟ್ಟಾ ಸಿಗಸೋ ಕೊಂಡಿ) ತಗೋರಿ.

ಎಳಿಯೂಕಿಂತ ಮೊದಲ ಸಲಿಕಿಲೆ ನಾಕೂ ಗಾಲಿ ಮುಂದಿನ ಮಣ್ಣು, ಹೌಸಿಂಗ್ ಕೆಳಗಿಂದೂ ತಗೀರಿ. ಗಾಲಿಗೆ ತೊಗರಿ ಕಟಗಿ ಕೊಡ್ರಿ. ಟ್ರ್ಯಾಕ್ಟರ್ ಒಮ್ಮೆಲೆ ಜಗ್ಗಬಾರದು, ಪಟ್ಟಾ ಬಿಗಿ ಆದ ಮ್ಯಾಲ ಸಾವಕಾಶ ಎಳೀಲಿ. ಟ್ರ್ಯಾಕ್ಟರಿಗೂ ಕೆಳಗಿನ ಡ್ರಾಬಾರಿಗೇ (ಎಳಿಯೋ ಕಬ್ಬಿಣದ ಪಟ್ಟಿ) ಕಟ್ಟಬೇಕು. ಹಿಂದಿನ ಆಕ್ಸಲ್‌ಗಿಂತ ಮ್ಯಾಲ ಕಟ್ಟಿದ್ರ ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕ ಪಲ್ಟಿ ಹೊಡೀತದ, ಡ್ರೈವರ್ ಕೆಳಗ ಸಿಗತಾನ. ಪಟ್ಟಾ ಹರದ್ರ ಹಾರಿ ಬಡೀಬಾರದು ಅಂತ ಅದರ ನಡುವ ಹಸಿ ಚೀಲ ಹಾಕ್ರಿ. ನೋಡಾಕ ಬಂದ ಮಂದಿ ಪಟ್ಟಾದ ಒಂದೂವರಿ ಪಟ್ಟು ದೂರ ನಿಲ್ಲಲಿ. ನಮ್ಮ ಮಂದಿ ಹತ್ರನ ಬಂದು ನಿಂತು ಸಲಹಾ ಕೊಡತಾರ, ಅವರನ್ನ ಸರಸೂದನ ದೊಡ್ಡ ಕೆಲಸ.

ಘಟಪ್ರಭಾ_ಗೇರ್:
ಮನಿಗೆ ಬಂದ ದಿನಾನ ರಿಮ್ಮಿನ ಒಳಮೈ ತೊಳೀರಿ. ಎರಿ ಒಣಗಿ ಕುಂತ್ರ ಗಾಲಿ ತೂಕ ತಪ್ಪಿ, ಜೋರ್ ಹೊಡದಾಗ ಸ್ಟೇರಿಂಗ್ ನಡಗತೈತಿ.