ಸೆಕೆಂಡ್ ಪಿಯು ಮಗಳಿಗೆ ಪ್ರೋಟೀನ್ ಪಾಠ ತಲೆಗೆ ಹತ್ತುತ್ತಿಲ್ಲ, ನಿಮ್ಮನೇಲಿ ಹೇಗೆ ಹೇಳ್ಕೊಟ್ರಿ?

ರಾಜಾಜಿನಗರದ ಅಮ್ಮ:
ಮಗಳು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಡಿಎನ್‌ಎಯಿಂದ ಪ್ರೋಟೀನ್ ಆಗೋ ಪಾಠ ಬಂದಾಗಿಂದ ಟ್ರಾನ್ಸ್‌ಕ್ರಿಪ್ಷನ್ ಯಾವ್ದು ಟ್ರಾನ್ಸ್‌ಲೇಷನ್ ಯಾವ್ದು ಅಂತ ಅದಲುಬದಲು ಮಾಡ್ತಾಳೆ. ಕೋಡಾನ್ ಅಂತ ಮೂರಕ್ಷರದ ಸಂಕೇತ 64 ಇವೆಯಂತೆ, ಟ್ಯೂಷನ್‌ನಲ್ಲಿ ಅದರ ಚಾರ್ಟ್ ಪೂರ್ತಿ ಉರು ಹೊಡಿ ಅಂದ್ರಂತೆ, ರಾತ್ರಿಯೆಲ್ಲ ಹೊಡೆದು ಬೆಳಗ್ಗೆ ಅಳ್ತಾ ಕೂತಿದ್ಲು. ನಾನು ಓದಿದ್ದು ಕಾಮರ್ಸ್, ಏನ್ ಹೇಳ್ಲಿ.

ಬಸವನಗುಡಿಯಿಂದ:
ಮೊದ್ಲು ಉರು ಹೊಡಿಯೋದು ನಿಲ್ಸಿ ಮೇಡಂ. ಎಯುಜಿ ಅಂದ್ರೆ ಶುರು, ಯುಎಎ ಯುಎಜಿ ಯುಜಿಎ ಅಂದ್ರೆ ನಿಲ್ಲು, ಸದ್ಯಕ್ಕೆ ಇಷ್ಟು ಸಾಕು. ನಾನು ಮಗನಿಗೆ ಹೂ ಕಟ್ತಾ ಹೇಳ್ಕೊಟ್ಟೆ. ಗಾಂಧಿಬಜಾರಿಂದ ಮಲ್ಲಿಗೆ, ಕನಕಾಂಬರ, ಮರುಗ ತಂದು ಹರಡ್ಕೊಂಡು ಕೂತ್ವಿ. ಬೀರುವಲ್ಲಿರೋ ನಮ್ಮತ್ತೆ ಪುಸ್ತಕ ಡಿಎನ್‌ಎ, ಅದು ಹೊರಗೆ ಬರೋ ಹಾಗಿಲ್ಲ. ಬೇಕಾದ ಒಂದು ಭಾಗ ಮಾತ್ರ ಚೀಟೀಲಿ ಬರ್ಕೊಂಡ್ರೆ ಅದು ಎಂಆರ್‌ಎನ್‌ಎ, ಭಾಷೆ ಅದೇ, ಟಿ ಬದಲು ಯು ಬರುತ್ತೆ ಅಷ್ಟೇ, ಹಾಗಾಗಿ ಇದು ನಕಲು, ಟ್ರಾನ್ಸ್‌ಕ್ರಿಪ್ಷನ್. ಕಟ್ಟೋ ನನ್ನ ಕೈ ರೈಬೋಸೋಮ್. ಚೀಟೀಲಿ ಮೂರಕ್ಷರ ಓದಿದ್ರೆ ಅದಕ್ಕೆ ಸರಿಯಾದ ಒಂದು ಹೂ, ಅಂದ್ರೆ ಅಮೈನೋ ಆಮ್ಲ, ತಂದ್ಕೊಡೋದು ಟಿಆರ್‌ಎನ್‌ಎ, ಆ ಕೆಲ್ಸ ಮಗನದು. ಅಕ್ಷರ ಹೋಗಿ ಹೂವಾಯ್ತಲ್ಲ, ಅಂದ್ರೆ ಭಾಷೇನೇ ಬದಲಾಯ್ತು, ಅದು ಟ್ರಾನ್ಸ್‌ಲೇಷನ್, ಕಟ್ಟಿದ ಮಾಲೆ ಪ್ರೋಟೀನ್. ಎರಡು ಮೊಳ ಕಟ್ಟೋಷ್ಟರಲ್ಲಿ ಅವನಿಗೆ ಬಂತು, ನಂಗೆ ಸೊಂಟ ನೋವೂ ಬಂತು.

ಯಲಹಂಕ, ಪಿಯು ಲೆಕ್ಚರರ್:
ಹೂವಿನ ಲೆಕ್ಕ ಚೆನ್ನಾಗಿದೆ, ನಂದು ಒಂದೇ ತಕರಾರು. ಮಾಲೆ ಕಟ್ಟಿದ ಹಾಗೇ ಇರುತ್ತೆ, ಆದ್ರೆ ಅಮೈನೋ ಆಮ್ಲದ ಸರ ಮಡಚ್ಕೊಂಡು ಒಂದು ಆಕಾರಕ್ಕೆ ಬಂದ ಮೇಲೇನೇ ಸಾಮಾನ್ಯವಾಗಿ ಕೆಲ್ಸ ಮಾಡೋದು. ಇನ್ನು ಒಂದು ಹೂ ಬದಲಾದ್ರೆ ಏನಾಗುತ್ತೆ ಅನ್ನೋದಕ್ಕೆ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಹೇಳಿ, ಮಕ್ಕಳು ಮರೆಯಲ್ಲ. ರಕ್ತದಲ್ಲಿ ಆಕ್ಸಿಜನ್ ಸಾಗಿಸೋ ಹಿಮೋಗ್ಲೋಬಿನ್ ಪ್ರೋಟೀನಿನ ಬೀಟಾ ಅನ್ನೋ ಸರದಲ್ಲಿ 146 ಅಮೈನೋ ಆಮ್ಲ, 6ನೇದಕ್ಕೆ ಜಿಎಜಿ ಇರಬೇಕಾದ ಕಡೆ ಜಿಯುಜಿ ಆಗುತ್ತೆ, ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತೆ, ಆಕ್ಸಿಜನ್ ಕಮ್ಮಿ ಆದಾಗ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟ್ಕೊಂಡು ರಕ್ತಕಣ ಕುಡುಗೋಲಿನ ಥರ ಬಾಗುತ್ತೆ. ಬದಲಾಗಿದ್ದು ಒಂದೇ ಅಕ್ಷರ ನೋಡಿ.

ವಿಜಯನಗರದಿಂದ, ಈಗ ಬಿಎಸ್ಸಿ:
ಅಕ್ಕಾ, ಫ್ರೇಮ್‌ಶಿಫ್ಟ್, ಅಂದ್ರೆ ಒಂದಕ್ಷರ ಹೋಗಿ ಮೂರರ ಗುಂಪೆಲ್ಲ ಜರುಗೋದು, ನಂಗೆ ಅರ್ಥ ಆಗಿದ್ದು ಕನ್ನಡದಲ್ಲೇ. ‘ಅವನ ಮಗಳು ಹೊರಗೆ ನಡೆದು ಬಂದಳು’ ಅಂತ ಬರ್ಸಿ, ಎಲ್ಲಾ ಮೂರಕ್ಷರದ ಪದ. ಈಗ ‘ವ’ ಒಂದು ಹೊಡೆದುಹಾಕಿ ಮತ್ತೆ ಮೂರು ಮೂರಾಗಿ ಓದಿ: ಅನಮ ಗಳುಹೊ ರಗೆನ ಡೆದುಬಂ ದಳು. ಹೋಗಿದ್ದು ಒಂದಕ್ಷರ, ಅಲ್ಲಿಂದಾಚೆ ಎಲ್ಲಾ ಎಕ್ಕುಟ್ಟೋಯ್ತು.

ರಾಜಾಜಿನಗರದ ಅಮ್ಮ:
ಎಲ್ರಿಗೂ ಥ್ಯಾಂಕ್ಸ್. ‘ಅನಮ ಗಳುಹೊ’ ಅಂತ ಮನೆಯೆಲ್ಲ ಹೇಳ್ಕೊಂಡ್ ಓಡಾಡ್ತಿದಾಳೆ. ಈಗ ಹೊಸ ಪ್ರಶ್ನೆ: ನಿಲ್ಲು ಅನ್ನೋ ಮೂರು ಬಿಟ್ರೆ 61 ಕೋಡಾನ್, ಅಮೈನೋ ಆಮ್ಲ 20, ಹಾಗಾದ್ರೆ ಒಂದೇ ಹೂವಿಗೆ ಎರಡ್ಮೂರು ಹೆಸರಾ ಅಂತಾಳೆ.

ಯಲಹಂಕ, ಪಿಯು ಲೆಕ್ಚರರ್:
ಸರಿಯಾಗೇ ಹಿಡಿದಿದಾಳೆ! ಲ್ಯೂಸಿನ್‌ಗೆ ಆರಿದೆ, ಮೆಥಿಯೋನಿನ್‌ಗೆ ಎಯುಜಿ ಒಂದೇ. ಈ ಪಟ್ಟಿ ಬಿಡಿಸಿದ್ದಕ್ಕೇ ನಮ್ಮ ಹರಗೋಬಿಂದ್ ಖುರಾನಾ ಅವ್ರಿಗೆ 1968ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂದಿದ್ದು, ಅದನ್ನೂ ಹೇಳಿ ಅವಳಿಗೆ.