ಐಟಿಐ ತಂಡದ ವೈಭವದ ದಿನಗಳನ್ನು ಕಂಡವರಿದ್ದೀರಾ?

ಪ್ರಶ್ನೆ: ಬೆಂಗಳೂರಿನ ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯ ಫುಟ್‌ಬಾಲ್ ತಂಡವನ್ನು ನಮ್ಮ ತಂದೆಯವರು ಬಹಳ ಅಭಿಮಾನದಿಂದ ನೆನೆಯುತ್ತಿದ್ದರು. ಆ ಕಾಲವನ್ನು ಕಂಡ ಹಿರಿಯರು ದಯವಿಟ್ಟು ತಮ್ಮ ನೆನಪುಗಳನ್ನು ಹಂಚಿಕೊಳ್ಳಬೇಕು.

ಉತ್ತರ 1: 1977ರಲ್ಲಿ ಎರ್ನಾಕುಲಂನಲ್ಲಿ ನಡೆದ ಮೊಟ್ಟಮೊದಲ ಫೆಡರೇಷನ್ ಕಪ್ಪಿನ (ದೇಶದ ಕ್ಲಬ್ ತಂಡಗಳ ಪಂದ್ಯಾವಳಿ) ಫೈನಲ್‌ನಲ್ಲಿ ನಮ್ಮವರು ಕೋಲ್ಕತ್ತದ ಹೆಸರಾಂತ ಮೋಹನ್ ಬಗಾನ್ ತಂಡವನ್ನು 1-0 ಅಂತರದಿಂದ ಸೋಲಿಸಿದರು. ಅದೇ ಬಗಾನ್ ಕೆಲವೇ ತಿಂಗಳ ನಂತರ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ವಿರುದ್ಧ 2-2 ಸಮ ಮಾಡಿಕೊಂಡಿತೆಂಬುದನ್ನು ನೆನೆದರೆ, ಹಗಲು ಕಾರ್ಖಾನೆಯ ಕೆಲಸ, ಸಂಜೆ ಅಭ್ಯಾಸ ಎಂದು ಬದುಕಿದ ನಮ್ಮ ನೌಕರರ ಗೆಲುವು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಆ ಸುದ್ದಿ ಬಂದ ದಿನ ನಮ್ಮ ಕ್ವಾರ್ಟರ್ಸ್‌ನಲ್ಲಿ ಮನೆಮನೆಗೂ ಸಿಹಿ ಹಂಚಿದ್ದೆವು.

ಉತ್ತರ 2: ಹಿರಿಯರ ಮಾತು ನಿಜ. ಆದರೆ ನಗರದ ಕೀರ್ತಿ ಇನ್ನೂ ಹಳೆಯದು. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ಸತತವಾಗಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಅಲ್ಲಿಯವರೆಗೆ ಬ್ರಿಟಿಷ್ ಸೇನಾ ತಂಡಗಳದ್ದೇ ಆಗಿದ್ದ ಕಪ್ ಅದು.

ಪ್ರಶ್ನೆ ಕೇಳಿದವರು: ತಮ್ಮಿಬ್ಬರಿಗೂ ಕೃತಜ್ಞತೆಗಳು. ಸಿಹಿ ಹಂಚಿದ ಸಂಗತಿಯನ್ನು ಇಂದೇ ಅಮ್ಮನಿಗೆ ಓದಿ ಹೇಳುತ್ತೇನೆ.