ಪದಚರ್ಚೆ: ‘ವೇರಿಗೇಟೆಡ್’ ಎಲೆಗೆ ‘ಹಂಡ’ ಅನ್ನಬಹುದೇ?

ಗೆಳೆಯರೇ,

ಮನೆಯಂಗಳದ ಗಿಡಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಬರವಣಿಗೆ ನಿಂತಿದೆ. ನರ್ಸರಿಯವರು ದಿನಾ ಬಳಸುವ ‘ವೇರಿಗೇಟೆಡ್’ ಅನ್ನೋ ಪದ ಅದು. ವೇರಿಗೇಟೆಡ್ ದಾಸವಾಳ, ವೇರಿಗೇಟೆಡ್ ನಂದಿಬಟ್ಟಲು, ವೇರಿಗೇಟೆಡ್ ಮನಿಪ್ಲಾಂಟ್. ಹಸಿರು ಎಲೆಯಲ್ಲಿ ಬಿಳಿ, ಕೆನೆ ಅಥವಾ ಹಳದಿ ಬಣ್ಣ ಮಚ್ಚೆಯಾಗಿಯೋ ಪಟ್ಟೆಯಾಗಿಯೋ ಅಂಚಾಗಿಯೋ ಬಂದಿದ್ದರೆ ಆ ಹೆಸರು.

ಆಕಾರ ಹೇಳೋಕೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಚುಕ್ಕೆ, ಬೊಟ್ಟು, ಮಚ್ಚೆ, ಗೀರು, ಪಟ್ಟೆ, ಅಂಚು ಎಲ್ಲ ಇವೆ. ‘ಹಳದಿ ಅಂಚಿನ ಸ್ನೇಕ್ ಪ್ಲಾಂಟ್’ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ. ಇವೆಲ್ಲವನ್ನೂ ಒಟ್ಟಿಗೆ ಹಿಡಿಯುವ ಪದ ಬೇಕು. ನಿಘಂಟಿನಲ್ಲಿ ‘ಕರ್ಬುರ’, ‘ಶಬಲ’ ಸಿಗುತ್ತವೆ. ಆದರೆ ನರ್ಸರಿಯಲ್ಲಿ ನಿಂತು ‘ಒಂದು ಕರ್ಬುರ ದಾಸವಾಳ ಕೊಡಿ’ ಅಂತ ಕೇಳೋಕಾಗುತ್ತಾ? ‘ಬಹುವರ್ಣ’ ಅಂದರೆ ಹಸಿರು ಹೋದದ್ದು ಮುಖ್ಯ ಅನ್ನೋದೇ ಮರೆಯಾಗುತ್ತದೆ. ಕೆಲವರು ‘ಎಲೆಗೆ ತೊನ್ನು’ ಅನ್ನುತ್ತಾರೆ. ಅದನ್ನು ನಾನು ಖಂಡಿತ ಬಳಸುವುದಿಲ್ಲ. ಮನುಷ್ಯರು ನೊಂದುಕೊಂಡು ಬದುಕುವ ಒಂದು ಸ್ಥಿತಿಯ ಹೆಸರನ್ನು ಅಂದದ ಗಿಡಕ್ಕೆ ಅಂಟಿಸುವುದು ಸರಿಯಲ್ಲ.

ನನಗೆ ಹಿಡಿಸಿರುವ ಪದ ‘ಹಂಡ’. ದನ ಕಟ್ಟಿದ ಮನೆಯವರಿಗೆ ಇದು ಹೊಸದಲ್ಲ. ಎರಡು ಬಣ್ಣ ಅಲ್ಲಲ್ಲಿ ಹರಡಿಕೊಂಡಿದ್ದರೆ ಹಂಡ ಹಸು, ಹಂಡ ಎತ್ತು. ‘ಹಂಡಬಂಡ’ ಅಂತಲೂ ಇದೆ. ಹುಟ್ಟಿನಿಂದಲೇ ಬಂದ ಬಣ್ಣ, ಕಾಯಿಲೆಯಲ್ಲ ಅನ್ನೋ ಅರ್ಥ ಆ ಪದದೊಳಗೇ ಇದೆ. ‘ಹಂಡ ದಾಸವಾಳ’ ಅಂತ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ, ಸಲೀಸಾಗಿ ಬರುತ್ತದೆ.

ತೊಡಕು ಶುರುವಾಗುವುದು ಕಾರಣಗಳಿಗೆ ಬಂದಾಗ. ನೋಡೋಕೆ ಒಂದೇ ಥರ ಕಾಣುವ ಮಚ್ಚೆಗಳ ಹಿಂದೆ ಬೇರೆ ಬೇರೆ ಕಾರಣ ಇರುತ್ತವೆ. ಎಲ್ಲವನ್ನೂ ‘ಹಂಡ’ ಅಂದುಬಿಟ್ಟರೆ ಓದುಗರು ರೋಗದ ಗಿಡವನ್ನು ಮುದ್ದಿನಿಂದ ಸಾಕುತ್ತಾರೆ, ಒಳ್ಳೆ ಗಿಡವನ್ನು ಕಿತ್ತು ಎಸೆಯುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಪರಿಚಯದವರೊಬ್ಬರ ಹಿತ್ತಲಲ್ಲಿ ಸಾಮಾನ್ಯ ಕೆಂಪು ದಾಸವಾಳ ಇದೆ. ಅದರ ಒಂದೇ ಒಂದು ಕೊಂಬೆಯಲ್ಲಿ ಬಿಳಿ ಮಚ್ಚೆಯ ಎಲೆ ಬಂದಿದೆ. ಒಂದು ಎಲೆಯಂತೂ ನಡುನರದ ಎಡಕ್ಕೆ ಪೂರ್ತಿ ಬಿಳಿ, ಬಲಕ್ಕೆ ಕಡು ಹಸಿರು. ಎರಡರ ನಡುವಿನ ಗೆರೆ ಕತ್ತರಿಸಿ ಅಂಟಿಸಿದಷ್ಟು ಚೊಕ್ಕ. ಬಿಳಿ ಭಾಗ ಕಡಿಮೆ ಬೆಳೆದಿರುವುದರಿಂದ ಎಲೆ ಆ ಕಡೆಗೇ ಬಾಗಿದೆ. ಬಿಳಿ ಭಾಗದ ಅಂಚು ಬಿಸಿಲಿಗೆ ಕಂದಿ ಒಣಗಿದೆ. ಅದೇ ಕೊಂಬೆಯ ಮೇಲ್ತುದಿಯಲ್ಲಿ ಒಂದು ಚಿಗುರು ಹಾಲಿನಷ್ಟು ಬಿಳಿ. ಅಕ್ಕಪಕ್ಕದ ಕೊಂಬೆಗಳಿಗೆ ಏನೂ ಆಗಿಲ್ಲ.

ಇದು ನಿಜವಾದ ಹಂಡ. ಕುಡಿಯ ತುದಿಯಲ್ಲಿ ಸದಾ ಒಡೆಯುತ್ತಿರುವ ಜೀವಕೋಶಗಳ ಪೈಕಿ ಯಾವುದೋ ಒಂದರಲ್ಲಿ ವ್ಯತ್ಯಾಸವಾಗಿ ಅದು ಎಲೆಗೆ ಹಸಿರು ಕೊಡುವ ಪತ್ರಹರಿತ್ತನ್ನು ಮಾಡುವ ಶಕ್ತಿ ಕಳೆದುಕೊಂಡಿದೆ. ಅದರ ಸಂತತಿಯೆಲ್ಲ ಬಿಳಿ, ಉಳಿದದ್ದು ಹಸಿರು. ಒಂದೇ ಗಿಡದಲ್ಲಿ ಎರಡು ಬಗೆಯ ಕೋಶಗಳು. ವಿಜ್ಞಾನಿಗಳು ಇದಕ್ಕೆ ‘ಕೈಮೆರಾ’ ಅನ್ನುತ್ತಾರೆ. ಗಿಡಗಳಿಗೆ ಆ ಹೆಸರನ್ನು 1907ರಲ್ಲಿ ಕೊಟ್ಟವರು ಜರ್ಮನಿಯ ಹಾನ್ಸ್ ವಿಂಕ್ಲರ್. ಎರಡೇ ವರ್ಷಕ್ಕೆ ಎರ್ವಿನ್ ಬೌರ್ ಬಿಳಿ ಅಂಚಿನ ಜೆರೇನಿಯಂ ಇಟ್ಟುಕೊಂಡು, ಕುಡಿಯಲ್ಲಿ ಕೋಶಗಳು ಪದರ ಪದರವಾಗಿರುತ್ತವೆ, ಒಂದು ಪದರ ಬಿಳಿಯಾದರೆ ಎಲೆಗೆ ಬಿಳಿ ಅಂಚು ಬರುತ್ತದೆ ಅಂತ ತೋರಿಸಿದರು.

ಕೈಪಿಡಿಗೆ ಇದು ತುಂಬಾ ಮುಖ್ಯ. ಯಾಕೆಂದರೆ ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆಯನ್ನು ತುಂಡು ಮಾಡಿ ನೆಟ್ಟರೆ ಹುಟ್ಟುವ ಮರಿಗೆ ಹಳದಿ ಅಂಚೇ ಇರುವುದಿಲ್ಲ. ಹೊಸ ಕುಡಿ ಹುಟ್ಟುವುದು ಒಳಗಿನ ಹಸಿರು ಪದರದಿಂದ. ಬುಡದ ಮರಿಯನ್ನೇ ಬೇರುಸಮೇತ ಬಿಡಿಸಿ ನೆಟ್ಟರೆ ಅಂಚು ಉಳಿಯುತ್ತದೆ. ಹಾಗೇ ಹಂಡ ಗಿಡದಲ್ಲಿ ಪೂರ್ತಿ ಹಸಿರು ಕೊಂಬೆ ಬಂದರೆ ಬೇಗ ಕತ್ತರಿಸಬೇಕು. ಅದಕ್ಕೆ ಪತ್ರಹರಿತ್ತು ಜಾಸ್ತಿ, ಬೆಳೆಯುವ ವೇಗವೂ ಜಾಸ್ತಿ, ಹಂಡ ಕೊಂಬೆಗಳನ್ನು ಮೀರಿಸಿಬಿಡುತ್ತದೆ. ಪೂರ್ತಿ ಬಿಳಿ ಚಿಗುರು ಇದಕ್ಕೆ ತಿರುಗಾಮುರುಗಾ. ತಾಯಿಗಿಡದ ಊಟದಲ್ಲಿ ಬದುಕಿರುತ್ತದೆ, ಕತ್ತರಿಸಿ ನೆಟ್ಟರೆ ಸಾಯುತ್ತದೆ.

ಈ ‘ಕೈಮೆರಾ’ಕ್ಕೂ ಕನ್ನಡ ಬೇಕಲ್ವಾ? ‘ಬೆರಕೆ’ ಅಂದರೆ ಎರಡು ತಳಿ ಕೂಡಿಸಿ ಪಡೆದದ್ದು ಅನ್ನೋ ಅರ್ಥ ಬರುತ್ತದೆ. ‘ಇಬ್ಬಗೆ ಕುಡಿ’ ಅನ್ನೋಣ ಅಂತ ಯೋಚಿಸಿದ್ದೇನೆ.

ಹಂಡ ಬೀಜದಿಂದಲೂ ಬರಬಹುದು. ನಮ್ಮ ಹಿತ್ತಲ ಸಂಜೆಮಲ್ಲಿಗೆಯೇ ಇದಕ್ಕೆ ಹೆಸರುವಾಸಿ. 1909ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ ಹಂಡ ಸಂಜೆಮಲ್ಲಿಗೆಯ ಬೇರೆ ಬೇರೆ ಕೊಂಬೆಗಳ ಹೂಗಳನ್ನು ಕೂಡಿಸಿ ನೋಡಿದರು. ಬಿಳಿ ಕೊಂಬೆಯ ಹೂವಿನ ಬೀಜದಿಂದ ಬಿಳಿ ಸಸಿ, ಹಸಿರು ಕೊಂಬೆಯದರಿಂದ ಹಸಿರು ಸಸಿ, ಹಂಡ ಕೊಂಬೆಯದರಿಂದ ಮೂರೂ ಬಗೆ. ಪರಾಗ ಯಾವ ಕೊಂಬೆಯದಾದರೂ ಲೆಕ್ಕಕ್ಕೆ ಬರಲಿಲ್ಲ. ಎಲೆಯ ಹಸಿರನ್ನು ಹೊರುವ ಕಣಗಳು ಆ ಗಿಡದಲ್ಲಿ ತಾಯಿಯ ಕಡೆಯಿಂದ ಬರುವುದೇ ಅದಕ್ಕೆ ಕಾರಣ. ತಂದೆತಾಯಿ ಇಬ್ಬರಿಂದಲೂ ಗುಣ ಬರುತ್ತದೆ ಅನ್ನೋ ಮೆಂಡಲ್ ಲೆಕ್ಕಕ್ಕೆ ಸಿಗದ ಆನುವಂಶಿಕತೆ ಹೀಗೆ ಬೆಳಕಿಗೆ ಬಂತು. ಇಷ್ಟು ದೊಡ್ಡ ಸಂಗತಿ ನಮ್ಮ ಕಾಂಪೌಂಡ್ ಪಕ್ಕ ತಾನಾಗಿ ಹುಟ್ಟುವ ಗಿಡದಲ್ಲಿ ಗೊತ್ತಾಯಿತು ಅನ್ನೋದು ನನಗೆ ತುಂಬಾ ಖುಷಿ ಕೊಡುತ್ತದೆ.

ಈಗ ಹಂಡ ಅಲ್ಲದ್ದಕ್ಕೆ ಬರೋಣ. ಇಲ್ಲಿ ನಮ್ಮ ರೈತರ ಮಾತು ಗಟ್ಟಿಯಾಗಿದೆ. ವೈರಸ್ಸಿಗೆ ‘ನಂಜು’ ಅನ್ನೋ ಪದ ಕೃಷಿಯಲ್ಲಿ ನೆಲೆಯೂರಿದೆ. ಬೆಂಡೆಯ ಎಲೆಯಲ್ಲಿ ನರಗಳೆಲ್ಲ ಹಳದಿಯಾಗಿ ಬಲೆ ಬಿಡಿಸಿದ ಹಾಗೆ ಕಂಡರೆ ಅದು ಹಳದಿ ನಂಜು ರೋಗ, ಬಿಳಿ ನೊಣ ಹರಡುವಂಥದ್ದು. ಮಲೆನಾಡು, ಕೊಡಗಿನ ಏಲಕ್ಕಿ ತೋಟದಲ್ಲಿ ‘ಕಟ್ಟೆ ರೋಗ’ ಇದೆ. ಎಳೆ ಎಲೆಯಲ್ಲಿ ನಡುನರದಿಂದ ಅಂಚಿನವರೆಗೆ ಮಾಸಲು ಹಸಿರು ಗೀರುಗಳು ಸಾಲಾಗಿ ಬರುತ್ತವೆ. ಗೊತ್ತಿಲ್ಲದವರು ಅಂದದ ಪಟ್ಟೆ ಅಂದುಕೊಳ್ಳಬಹುದು. ಗಿಡಹೇನು ಹರಡುವ ವೈರಸ್ ಅದು. ರೋಗ ತಗುಲಿದ ಬುಡವನ್ನು ಕಿತ್ತು ಹಾಕುವುದೇ ದಾರಿ. ಈ ‘ಕಟ್ಟೆ’ ಎಲ್ಲಿಂದ ಬಂದ ಪದ? ಜಗುಲಿಕಟ್ಟೆಯ ಕಟ್ಟೆಯಂತೂ ಇರಲಾರದು. ಏಲಕ್ಕಿ ಬೆಳೆಯುವ ಮನೆಯವರು ಯಾರಾದರೂ ಹೇಳಬೇಕು.

ನಂಜನ್ನೇ ಅಂದ ಅಂದುಕೊಂಡು ಬೆಳೆಸಿದ್ದೂ ಇದೆ. ನಮ್ಮ ಶ್ರೀಮುದ್ರೆ ಗಿಡದ ಜಾತಿಯ ಅಬ್ಯುಟಿಲಾನ್‌ನ ಹಳದಿ ಮಚ್ಚೆಯ ತಳಿ ಯುರೋಪಿನ ತೋಟಗಳಲ್ಲಿ ಬಹಳ ಬೇಡಿಕೆಯಲ್ಲಿತ್ತು. 1869ರ ಸುಮಾರಿಗೆ, ಅದರ ಕೊಂಬೆಯನ್ನು ಹಸಿರು ಗಿಡಕ್ಕೆ ಕಸಿ ಕಟ್ಟಿದರೆ ಹಸಿರು ಗಿಡಕ್ಕೂ ಮಚ್ಚೆ ಬರುತ್ತದೆ ಅಂತ ತೋಟಗಾರರು ಕಂಡುಕೊಂಡರು. ಮಚ್ಚೆಗೆ ಕಾರಣ ವೈರಸ್ ಅಂತ ಆಮೇಲೆ ತಿಳಿಯಿತು. ಇದಕ್ಕಿಂತ ಹಿಂದಿನದು ಜಪಾನಿನಲ್ಲಿದೆ. 752ರಲ್ಲಿ ರಾಣಿ ಕೋಕೆನ್ ಬೇಸಿಗೆಯಲ್ಲೇ ಹಳದಿಯಾದ ಒಂದು ಗಿಡದ ಬಗ್ಗೆ ಪದ್ಯ ಬರೆದಳು. ಅವಳು ಕಂಡದ್ದು ನರ ಹಳದಿಯಾಗುವ ವೈರಸ್ ರೋಗ ಅಂತ ಈಗಿನ ವಿಜ್ಞಾನಿಗಳು ಹೇಳುತ್ತಾರೆ.

ಹಾಗಾಗಿ ನನ್ನ ಸಲಹೆ, ಇಂಥದ್ದಕ್ಕೆ ‘ನಂಜುಮಚ್ಚೆ’ ಅನ್ನೋಣ. ಗುರುತು ಹಿಡಿಯುವುದೂ ಕಷ್ಟವಲ್ಲ. ಹಂಡದ ಅಂಚು ಸಾಮಾನ್ಯವಾಗಿ ಚೊಕ್ಕ. ನಂಜುಮಚ್ಚೆ ಮಸುಕು ಮಸುಕು. ಜೊತೆಗೆ ಎಲೆ ಮುದುಡುವುದು, ಗಿಡ ಕುಳ್ಳಾಗುವುದು ಇದ್ದೇ ಇರುತ್ತದೆ ಅಂತ ಹೇಳಲಾಗದಿದ್ದರೂ ಬಹಳ ಸಲ ಇರುತ್ತದೆ. ಪಕ್ಕದ ಗಿಡಕ್ಕೂ ದಾಟಿದರೆ ಅನುಮಾನವೇ ಬೇಡ.

ಹಂಡ, ನಂಜು ಆದಮೇಲೆ ಮೂರನೆಯ ಕಾರಣ ಹಸಿವು, ಅಂದರೆ ಗಿಡಕ್ಕೆ ಪೋಷಕಾಂಶದ ಕೊರತೆ. ಹೊಸ ಎಲೆಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದು ನಡುವಿನದೆಲ್ಲ ಹಳದಿಯಾದರೆ ಕಬ್ಬಿಣದ ಕೊರತೆ. ಸುಣ್ಣದಂಶ ಜಾಸ್ತಿ ಇರುವ ಬೋರ್‌ವೆಲ್ ನೀರು ಹಾಕುವ ಕಡೆ ದಾಸವಾಳ, ಇಕ್ಸೋರ, ಗುಲಾಬಿಯಲ್ಲಿ ಇದು ಮಾಮೂಲು. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ತೆಳ್ಳಗೆ ಕರಗಿಸಿ ಎಲೆಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ. ಹಳೆಯ ಎಲೆಗಳಲ್ಲಿ ಮೊದಲು ಹೀಗಾದರೆ ಮೆಗ್ನೀಷಿಯಂ ಕೊರತೆ. ಇದಕ್ಕೆ ‘ಬಿಳಿಚು’ ಸಾಕು. ‘ಎಲೆ ಬಿಳಿಚಿಕೊಂಡಿದೆ’ ಅಂತ ಎಲ್ಲರೂ ಅನ್ನುತ್ತೇವೆ, ಅದನ್ನೇ ನಾಮಪದ ಮಾಡಿದರಾಯಿತು. ನುಸಿ ರಸ ಹೀರಿ ಬರುವ ಸಾಸಿವೆಯಷ್ಟು ಸಣ್ಣ ಚುಕ್ಕೆ, ಎಲೆಯೊಳಗೆ ರಂಗೋಲಿ ಹುಳು ಕೊರೆದ ಬಿಳಿ ಗೆರೆ, ಇವಕ್ಕೆ ಹೆಸರು ಈಗಾಗಲೇ ಇವೆ.

ರಂಗೋಲಿ ಹುಳು ಅಂದಾಗ ಒಂದು ಮಾತು. ಈಕ್ವೆಡಾರಿನ ಕಾಡಿನಲ್ಲಿ ಕೆಸುವಿನ ಕುಟುಂಬದ ಒಂದು ಕ್ಯಾಲೇಡಿಯಂ ಇದೆ. ಅದರ ಬಿಳಿ ಮಚ್ಚೆ ಥೇಟ್ ಈ ಹುಳು ಕೊರೆದಂತೆಯೇ ಕಾಣುತ್ತದೆ. ಹಸಿರೆಲೆಗಳಿಗೆ ಬಿಳಿ ಬಣ್ಣ ಬಳಿದು ನೋಡಿದ ಸಂಶೋಧಕರಿಗೆ, ಬಳಿದ ಎಲೆಗಳಲ್ಲಿ ಹುಳುವಿನ ಕಾಟ ತೀರಾ ಕಡಿಮೆ ಕಂಡಿತು. 2009ರಲ್ಲಿ ಪ್ರಕಟವಾದ ಅಧ್ಯಯನ ಅದು. ಈ ಎಲೆಯಲ್ಲಿ ಆಗಲೇ ಬೇರೆ ಹುಳು ಇದೆ ಅಂದುಕೊಂಡು ಪತಂಗ ಮೊಟ್ಟೆ ಇಡದೆ ಹೋಗುತ್ತದೆ ಅನ್ನೋದು ಅವರ ವಿವರಣೆ.

ನಾಲ್ಕನೆಯದರಲ್ಲಿ ನನಗೆ ನಿಮ್ಮ ತೀರ್ಪು ಬೇಕು. ರೆಕ್ಸ್ ಬಿಗೋನಿಯಾ, ಅಲ್ಯುಮಿನಿಯಂ ಗಿಡ ಅನ್ನೋ ಪೈಲಿಯಾ, ಇವುಗಳ ಎಲೆಯ ಬೆಳ್ಳಿ ಹೊಳಪಿನಲ್ಲಿ ಹಸಿರೇನೂ ಹೋಗಿಲ್ಲ. ಮೇಲಿನ ಸಿಪ್ಪೆಯ ಕೆಳಗೆ ಗಾಳಿ ತುಂಬಿದ ಜಾಗ ಇದ್ದು ಬೆಳಕು ಅಲ್ಲೇ ತಿರುಗಿ ಬರುತ್ತದೆ, ಅಷ್ಟೆ. ಹುಟ್ಟುಗುಣವೇ ಆದ್ದರಿಂದ ಹಂಡ ಅನ್ನಬಹುದು. ಆದರೆ ಪತ್ರಹರಿತ್ತು ಇಲ್ಲದ್ದೇ ಹಂಡ ಅಂತ ಬಿಗಿಯಾಗಿ ಹಿಡಿದರೆ ಇದು ಹೊರಗುಳಿಯುತ್ತದೆ. ‘ಬೆಳ್ಳಿಹಂಡ’ ಅಂದರೆ ಹೇಗೆ?

ಇನ್ನೊಂದು ಚಿಕ್ಕ ಅಡ್ಡಿ ಸಂಧಿಯದು. ಹಂಡ, ಎಲೆ ಸೇರಿಸಿ ‘ಹಂಡೆಲೆ’ ಮಾಡಿದರೆ ಬಚ್ಚಲ ಹಂಡೆ ನೆನಪಿಗೆ ಬರುತ್ತದೆ. ‘ಹಂಡ ಎಲೆ’ ಅಂತ ಬಿಡಿಸಿಯೇ ಬರೆಯುವುದು ವಾಸಿ ಅನಿಸುತ್ತದೆ.

ಕೇಳಬೇಕಾದ್ದು ಇಷ್ಟು. ನಿಮ್ಮ ಕಡೆ ‘ಹಂಡ’ ದನ, ನಾಯಿಗಳಿಗೆ ಬಿಟ್ಟು ಗಿಡ, ಕಾಳು, ಕಾಯಿಗೂ ಬಳಕೆಯಲ್ಲಿದೆಯೇ? ಉತ್ತರ ಕರ್ನಾಟಕದಲ್ಲಿ ಜೋಳದ ಗರಿಯಲ್ಲಿ ಹುಟ್ಟಾ ಬಿಳಿ ಪಟ್ಟೆ ಬಂದರೆ ಏನಂತೀರಿ? ಕರಾವಳಿಯವರು ಬಿಳಿ ಚುಕ್ಕೆಯ ಕೆಸುವಿಗೆ ಬೇರೆ ಹೆಸರು ಇಟ್ಟಿದ್ದೀರಾ? ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಲ್ಲಿ, ಲಾಲ್‌ಬಾಗ್ ಸುತ್ತ ಕೆಲಸ ಮಾಡುವ ಮಾಲಿಗಳ ಬಾಯಲ್ಲಿ ಕೇಳಿದ ಪದವಿದ್ದರೆ ಅದನ್ನೂ ತಿಳಿಸಿ. ಯಾವ ಊರು, ಯಾರು ಆಡುವ ಮಾತು ಅಂತ ಜೊತೆಗೆ ಬರೆದರೆ ಕೈಪಿಡಿಯಲ್ಲಿ ಹಾಗೇ ನಮೂದಿಸುತ್ತೇನೆ.